ವಲಸೆ ನೀತಿ ಬದಲಿಸಬೇಕು, ಸರಿ. ಯಾರ ಥರ ಬದಲಿಸಬೇಕು?

ಈ ವಿಷಯ ಎತ್ತಿದಾಗಲೆಲ್ಲ ಓದುಗರಿಂದ ಮೂರು ಥರದ ಮಾತು ಬರುತ್ತವೆ. ‘ಕೆನಡಾ ಥರ ಪಾಯಿಂಟ್ಸ್ ಇಟ್ಟುಬಿಟ್ಟರೆ ಸಾಕಲ್ವಾ?’ ಅಂತ ಒಬ್ಬರು. ‘ದೋಣಿ ಹತ್ತಿ ಬಂದವರನ್ನು ಆಸ್ಟ್ರೇಲಿಯಾದವರ ಹಾಗೆ ದ್ವೀಪಕ್ಕೆ ಕಳಿಸಿದರೆ ಆಯ್ತು’ ಅಂತ ಇನ್ನೊಬ್ಬರು. ‘ಬಂದಾಗಿದೆ, ದುಡಿದು ತಿನ್ನಲಿ ಬಿಡಿ’ ಅಂತ ಮತ್ತೊಬ್ಬರು.

ಮೂವರೂ ಒಂದೇ ವಿಷಯ ಮಾತಾಡುತ್ತಿದ್ದಾರೆ ಅನಿಸುತ್ತದೆ. ಅಲ್ಲ. ಮೊದಲನೆಯವರ ಮನಸ್ಸಿನಲ್ಲಿ ಇರುವುದು ಕೆಲಸಕ್ಕೆ ಬರುವವರು. ಎರಡನೆಯವರು ಹೇಳುತ್ತಿರುವುದು ಜೀವ ಉಳಿಸಿಕೊಳ್ಳಲು ಬಂದೆವು ಅನ್ನುವವರ ಬಗ್ಗೆ. ಮೂರನೆಯವರದು ಈಗಾಗಲೇ ಒಳಗಿರುವವರ ಚಿಂತೆ. ಮೂರಕ್ಕೂ ಒಂದೇ ಅಳತೆಗೋಲು ಹಿಡಿದರೆ ಜಗಳ ಬಿಟ್ಟು ಬೇರೇನೂ ಹುಟ್ಟುವುದಿಲ್ಲ. ಹಾಗಾಗಿ ಬೇರೆ ಬೇರೆ ದೇಶಗಳು ಹಿಡಿದ ದಾರಿಗಳನ್ನು ಇಲ್ಲಿ ಬಿಡಿಬಿಡಿಯಾಗಿ ತೂಗಿ ನೋಡಿದ್ದೇನೆ.

ಮೊದಲು ರಾಶಿ ಬೇರೆ ಮಾಡಿ

ಕೆಲಸಕ್ಕೆ ಬರುವ ವಲಸಿಗರನ್ನು ದೇಶ ಆರಿಸಿಕೊಳ್ಳಬಹುದು. ವರ್ಷಕ್ಕೆ ಇಷ್ಟೇ ಅನ್ನಬಹುದು, ಈ ಕಸುಬಿನವರು ಮಾತ್ರ ಅನ್ನಬಹುದು, ಈ ವರ್ಷ ಬೇಡವೇ ಬೇಡ ಅನ್ನಬಹುದು.

ನಿರಾಶ್ರಿತರ ಲೆಕ್ಕ ಬೇರೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿದ ದೇಶ ಒಂದು ಮಾತು ಕೊಟ್ಟಿದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಹಿಂಸೆಯ ಭಯ ಇರುವವರನ್ನು ಅದೇ ಜಾಗಕ್ಕೆ ವಾಪಸ್ ತಳ್ಳುವಂತಿಲ್ಲ. ಒಪ್ಪಂದದ 33ನೇ ವಿಧಿ ಹೇಳುವುದು ಇದನ್ನೇ. ಈ ಒಪ್ಪಂದ ಮೊದಲಿಗೆ 1951ಕ್ಕೆ ಮುಂಚಿನ ಘಟನೆಗಳಿಂದ ಓಡಿಬಂದವರಿಗೆ ಮಾತ್ರ ಇತ್ತು. 1967ರಲ್ಲಿ ಆ ಮಿತಿ ತೆಗೆದರು.

ಒಂದು ವಿಷಯ ಗಮನಿಸಿ. ಈ ಐದು ಕಾರಣಗಳಲ್ಲಿ ‘ಯುದ್ಧ’ ಇಲ್ಲ, ಬರಗಾಲವೂ ಇಲ್ಲ. ಬಾಂಬ್ ಬಿದ್ದು ಮನೆ ಹೋಯಿತು ಅನ್ನುವುದಷ್ಟೇ ಈ ಒಪ್ಪಂದದ ಪ್ರಕಾರ ಸಾಕಾಗುವುದಿಲ್ಲ. ಅದಕ್ಕೇ ಆಫ್ರಿಕಾದ ದೇಶಗಳು 1969ರಲ್ಲಿ ತಮ್ಮದೇ ಒಪ್ಪಂದ ಮಾಡಿಕೊಂಡು ವ್ಯಾಖ್ಯೆ ಅಗಲ ಮಾಡಿದವು. ಲ್ಯಾಟಿನ್ ಅಮೆರಿಕದ ದೇಶಗಳು 1984ರ ಕಾರ್ಟಜೀನಾ ಘೋಷಣೆಯಲ್ಲಿ ಅದೇ ದಾರಿ ಹಿಡಿದವು.

ಎಲ್ಲರೂ ಶ್ರೀಮಂತ ದೇಶಗಳಿಗೇ ನುಗ್ಗುತ್ತಿದ್ದಾರೆ ಅನ್ನುವ ನಂಬಿಕೆಯೂ ಲೆಕ್ಕಕ್ಕೆ ಹೊಂದುವುದಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಪ್ರಕಾರ 2024ರ ಕೊನೆಗೆ ಮನೆಮಠ ಬಿಟ್ಟವರು 12.3 ಕೋಟಿ. ಇವರಲ್ಲಿ ದೊಡ್ಡ ಪಾಲು ತಮ್ಮ ದೇಶದ ಒಳಗೇ ಇದೆ. ಗಡಿ ದಾಟಿದವರಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು ಪಕ್ಕದ ದೇಶದಲ್ಲೇ ನಿಂತಿದ್ದಾರೆ. ಹಾಗಾಗಿ ಒಂದು ದೇಶ ಯುದ್ಧದ ಪಕ್ಕದಲ್ಲಿದೆಯೋ, ಮೂರು ಸಮುದ್ರದಾಚೆ ಇದೆಯೋ ಅನ್ನುವುದರ ಮೇಲೆ ಅದಕ್ಕೆ ಹೊಂದುವ ನೀತಿಯೇ ಬದಲಾಗುತ್ತದೆ.

ಯಾವುದರಿಂದ ಅಳೆಯುವುದು?

ನಾನು ಐದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಹೌದೋ ಇಲ್ಲವೋ ಅಂತ ಹೇಳಲು ಎಷ್ಟು ದಿನ ಹಿಡಿಯುತ್ತದೆ? ಬಂದವರು ಯಾವ ದಿನದಿಂದ ಕೆಲಸ ಮಾಡಬಹುದು? ಖರ್ಚು ಯಾರ ತಲೆ ಮೇಲೆ, ಲಾಭ ಯಾರ ಜೇಬಿಗೆ? ‘ಇಲ್ಲ’ ಅಂದ ಮೇಲೆ ಆ ವ್ಯಕ್ತಿ ನಿಜವಾಗಿ ವಾಪಸ್ ಹೋಗುತ್ತಾರಾ? ಕೊನೆಯದು, ಈ ವ್ಯವಸ್ಥೆ ಕೋರ್ಟಿನಲ್ಲೂ ಮತಗಟ್ಟೆಯಲ್ಲೂ ನಿಲ್ಲುತ್ತದಾ?

ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ಐದರಲ್ಲಿ ಮೊದಲನೆಯದಕ್ಕೇ ನಾನು ಜಾಸ್ತಿ ಅಂಕ ಕೊಡುತ್ತೇನೆ. ಹಿಂದೊಮ್ಮೆ ಒಂದು ಸಾದಾ ಪ್ರವಾಸಿ ವೀಸಾಕ್ಕೆ ಏಳು ವಾರ ಕಾದಿದ್ದೆ. ದಿನಕ್ಕೆ ನಾಲ್ಕು ಸಲ ಸ್ಟೇಟಸ್ ನೋಡುವುದು, ‘ಪರಿಶೀಲನೆಯಲ್ಲಿದೆ’ ಅನ್ನುವ ಅದೇ ಸಾಲು. ಟಿಕೆಟ್ ದುಡ್ಡು ಹೋಯಿತು, ಅಷ್ಟೇ. ಅದೇ ಸಾಲನ್ನು ನಾಲ್ಕು ವರ್ಷ ನೋಡುವವರಿಗೆ ಮದುವೆ, ಮಕ್ಕಳ ಶಾಲೆ, ಮನೆ ಬಾಡಿಗೆ ಎಲ್ಲವೂ ಅದರ ಮೇಲೆಯೇ ನಿಂತಿರುತ್ತದೆ. ಕಾಯಿಸುವ ವ್ಯವಸ್ಥೆ ಉದಾರಿಗಳಿಗೂ ಕೆಲಸಕ್ಕೆ ಬರುವುದಿಲ್ಲ, ಕಟ್ಟುನಿಟ್ಟಿನವರಿಗೂ ಬರುವುದಿಲ್ಲ. ನಿಜವಾದ ನಿರಾಶ್ರಿತರು ತ್ರಿಶಂಕು ಆಗುತ್ತಾರೆ. ಸುಳ್ಳು ಅರ್ಜಿ ಹಾಕಿದವರಿಗೆ ಅಷ್ಟು ವರ್ಷ ಸುಮ್ನೆ ಸಿಗುತ್ತದೆ.

ಕೆಲಸಕ್ಕೆ ಬರುವವರು: ಪಾಯಿಂಟ್ಸ್

ಕೆನಡಾ 1967ರಲ್ಲಿ ಇದನ್ನು ಶುರು ಮಾಡಿತು. ಅದಕ್ಕೆ ಮುಂಚೆ ಹುಟ್ಟಿದ ದೇಶ ನೋಡಿ ಆರಿಸುತ್ತಿದ್ದರು. ಪಾಯಿಂಟ್ಸ್ ಬಂದ ಮೇಲೆ ವಯಸ್ಸು, ಓದು, ಭಾಷೆ, ಅನುಭವ ಲೆಕ್ಕಕ್ಕೆ ಬಂತು. ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅದೇ ಹಾದಿ ಹಿಡಿದವು. ಬ್ರಿಟನ್ 2021ರಲ್ಲಿ ಹೊಸದಾಗಿ ಬರೆದುಕೊಂಡ ನಿಯಮಗಳಿಗೂ ಇದೇ ಹೆಸರು ಕೊಟ್ಟಿತು.

ಈ ಲೆಕ್ಕ ಹತ್ತಿರದಿಂದ ಹೇಗಿರುತ್ತದೆ ಅಂತ ನೋಡಿ. ಕೆನಡಾದ ಈಗಿನ ಆಯ್ಕೆ ಪದ್ಧತಿಯಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಟ್ಟು 1200 ಅಂಕ. ಸಂಗಾತಿ ಇಲ್ಲದೆ ಅರ್ಜಿ ಹಾಕುವವರಿಗೆ 20ರಿಂದ 29 ವಯಸ್ಸಾಗಿದ್ದರೆ ಅದಕ್ಕೇ 110. 40 ಆದರೆ 50. 45 ತುಂಬಿದರೆ ಸೊನ್ನೆ. ಮೊದಲ ಭಾಷೆಯ ಪರೀಕ್ಷೆಗೆ 136ರವರೆಗೆ ಸಿಗುತ್ತದೆ. ಈಗ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ. ಒಬ್ಬರು 28 ವರ್ಷದ, ಸ್ನಾತಕೋತ್ತರ ಪದವಿ ಮುಗಿಸಿದ, ಇಂಗ್ಲಿಷ್ ಚೆನ್ನಾಗಿರುವ ಯುವತಿ. ಇನ್ನೊಬ್ಬರು 41ರ ವೆಲ್ಡರ್, ಇಪ್ಪತ್ತು ವರ್ಷ ಪೈಪ್ ಬೆಸೆದವರು. ದೇಶಕ್ಕೆ ನಾಳೆ ಬೆಳಗ್ಗೆ ಬೇಕಿರುವುದು ವೆಲ್ಡರ್. ಅಂಕದ ಪಟ್ಟಿಯಲ್ಲಿ ಮೇಲಿರುವುದು ಯುವತಿ. ಆಕೆ ಬಂದಿಳಿದ ಮೇಲೆ ಅಲ್ಲಿನ ವೃತ್ತಿ ಮಂಡಳಿ ಆಕೆಯ ಪದವಿಯನ್ನು ಒಪ್ಪದಿದ್ದರೆ? ಡಾಕ್ಟರ್ ಆಗಿದ್ದವರು ಟ್ಯಾಕ್ಸಿ ಓಡಿಸುವ ಕಥೆ ಶುರುವಾಗುವುದು ಇಲ್ಲಿಂದಲೇ. ಒಳಗೆ ಬಿಡುವ ಇಲಾಖೆ ಪದವಿಗೆ ಅಂಕ ಕೊಡುತ್ತದೆ, ಪದವಿಗೆ ಬೆಲೆ ಕೊಡಬೇಕಾದ ಮಂಡಳಿ ಕಣ್ಣೆತ್ತಿಯೂ ನೋಡುವುದಿಲ್ಲ. 2023ರಿಂದ ಕೆನಡಾ ಆರೋಗ್ಯ, ಕೈಕಸುಬು, ಫ್ರೆಂಚ್ ಭಾಷೆ ಅಂತ ಗುಂಪು ಮಾಡಿ ಬೇರೆ ಬೇರೆ ಕರೆ ಕೊಡುತ್ತಿರುವುದು ಈ ಓರೆ ಸರಿ ಮಾಡಲಿಕ್ಕೆ.

ಆದರೆ ಕೆನಡಾದಿಂದ ಕಲಿಯಬೇಕಾದ ದೊಡ್ಡ ಪಾಠ ಅಂಕದ್ದಲ್ಲ, ಸಾಲಿನದು. ಮೊದಲೆಲ್ಲ ಅಲ್ಲಿ ಪಾಸ್ ಆದ ಪ್ರತಿಯೊಂದು ಅರ್ಜಿಯನ್ನೂ ನೋಡಲೇಬೇಕಿತ್ತು. ಅರ್ಜಿ ಬೆಟ್ಟದಷ್ಟಾಯಿತು. ಕೊನೆಗೆ 2012ರಲ್ಲಿ, 2008ರ ಫೆಬ್ರವರಿಗೆ ಮುಂಚೆ ಹಾಕಿದ್ದ ಹಳೆಯ ಫೈಲುಗಳನ್ನು ಮುಚ್ಚಿ ಶುಲ್ಕ ವಾಪಸ್ ಕೊಡುವುದಾಗಿ ಸರ್ಕಾರ ಹೇಳಿತು. ಅದರಲ್ಲಿ ಸುಮಾರು 2,80,000 ಜನರ ಹೆಸರಿತ್ತು. ನಿಯಮದ ಪ್ರಕಾರ ಕಾದು ನಿಂತವರೇ ಹೊರಗಾದರು. 2015ರ ಎಕ್ಸ್‌ಪ್ರೆಸ್ ಎಂಟ್ರಿ ಬಂದಿದ್ದು ಇದರ ನಂತರ. ಈಗ ಅರ್ಹರೆಲ್ಲ ಒಂದು ಪಟ್ಟಿಯಲ್ಲಿ ನಿಲ್ಲುತ್ತಾರೆ, ಸರ್ಕಾರ ಮೇಲಿನವರನ್ನು ಕರೆಯುತ್ತದೆ, ಒಂದು ವರ್ಷದಲ್ಲಿ ಕರೆ ಬರದಿದ್ದರೆ ಹೆಸರು ಬಿದ್ದುಹೋಗುತ್ತದೆ. ಇದೂ ಕಠಿಣವೇ. ಆದರೆ ಹತ್ತು ವರ್ಷದ ಸುಳ್ಳು ಆಸೆಗಿಂತ ಮೇಲು.

ಯಾರಿಗೆ ಹೊಂದುತ್ತದೆ? ಜನಸಂಖ್ಯೆಗೆ ವಯಸ್ಸಾಗುತ್ತಿರುವ, ಬಂದವರು ಕಾಯಂ ಉಳಿಯಲಿ ಅನ್ನುವ, ಪದವಿ ಮಾನ್ಯತೆಯ ಗೋಜಲು ಬಿಡಿಸುವ ಮನಸ್ಸಿರುವ ದೇಶಕ್ಕೆ. ಜೊತೆಗೆ ಮನೆಗಳೂ ಬೇಕು. ಕೆನಡಾ 2025ಕ್ಕೆ ಐದು ಲಕ್ಷ ಇಟ್ಟುಕೊಂಡಿದ್ದ ಗುರಿಯನ್ನು 2024ರಲ್ಲಿ 3,95,000ಕ್ಕೆ ಇಳಿಸಿದ್ದಕ್ಕೆ ಬಾಡಿಗೆ, ಮನೆ ಬೆಲೆಯ ಸಿಟ್ಟೂ ಒಂದು ಕಾರಣ.

ಮಾಲೀಕರ ಕೈಗೆ ಬಿಟ್ಟರೆ?

ಯಾರು ಬೇಕು ಅಂತ ಮಾಲೀಕರೇ ಆರಿಸುವ ದಾರಿಯ ಅನುಕೂಲ ಕಣ್ಣಿಗೆ ಕಾಣುತ್ತದೆ. ಕೆಲಸ ಇದ್ದರೆ ಮಾತ್ರ ವೀಸಾ. ಇಳಿದ ಮರುದಿನ ಸಂಬಳ. ಸರ್ಕಾರಕ್ಕೆ ಊಹೆ ಮಾಡುವ ಕೆಲಸವೇ ಇಲ್ಲ.

ಆದರೆ ದಾರ ಯಾರ ಕೈಯಲ್ಲಿದೆ? ಅಮೆರಿಕದ ಎಚ್‌-1ಬಿ ವೀಸಾದವರಿಗೆ ಕೆಲಸ ಹೋದರೆ ಸಿಗುವುದು ಗರಿಷ್ಠ 60 ದಿನ. ಅಷ್ಟರೊಳಗೆ ಬೇರೆ ಕಂಪನಿ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಹೊಸ ವೀಸಾ ವರ್ಷಕ್ಕೆ 65,000, ಅಲ್ಲಿಯೇ ಮೇಲ್ಮಟ್ಟದ ಪದವಿ ಪಡೆದವರಿಗೆ ಇನ್ನೂ 20,000. ಅರ್ಜಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುವುದರಿಂದ ಲಾಟರಿ. ಲಾಟರಿ ಗೆದ್ದವರು ಗ್ರೀನ್ ಕಾರ್ಡ್‌ಗೆ ನಿಂತರೆ ಮತ್ತೊಂದು ಸಾಲು. ಉದ್ಯೋಗದ ಲೆಕ್ಕದ ಕಾರ್ಡು ವರ್ಷಕ್ಕೆ ಸುಮಾರು 1,40,000, ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಮಾಮೂಲಾಗಿ ಶೇ 7ಕ್ಕಿಂತ ಜಾಸ್ತಿ ಇಲ್ಲ. ದೊಡ್ಡ ದೇಶ, ಚಿಕ್ಕ ದೇಶ ಎಲ್ಲಕ್ಕೂ ಅದೇ ಮಿತಿ. ದೊಡ್ಡ ದೇಶದವರ ಸಾಲು ದಶಕಗಳಷ್ಟು ಉದ್ದವಾಗದೆ ಇನ್ನೇನಾಗುತ್ತದೆ?

ಕೊಲ್ಲಿ ದೇಶಗಳ ಕಫಾಲಾ ಪದ್ಧತಿಯಲ್ಲಿ ಈ ದಾರ ಇನ್ನೂ ಬಿಗಿ. ಪ್ರಾಯೋಜಕರ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸುವ ಹಾಗಿಲ್ಲ ಅನ್ನುವುದು ಅದರ ಬುಡ. ಕತಾರ್ 2020ರಲ್ಲಿ ಕೆಲಸ ಬದಲಿಸಲು ಹಳೆಯ ಮಾಲೀಕರ ಒಪ್ಪಿಗೆ ಪತ್ರ ಬೇಕೆನ್ನುವ ನಿಯಮ ತೆಗೆಯಿತು. ಕಾಗದದಲ್ಲಿ ತೆಗೆದ ಮಾತ್ರಕ್ಕೆ ಕೈಯಲ್ಲಿ ಪಾಸ್‌ಪೋರ್ಟ್ ಇಟ್ಟುಕೊಂಡ ಮಾಲೀಕ ಬದಲಾಗುವುದಿಲ್ಲ ಅನ್ನುವುದು ಬೇರೆ ಮಾತು.

ಸಿಂಗಪುರದ್ದು ವ್ಯಾಪಾರಿ ಬುದ್ಧಿ. ಕೆಳಹಂತದ ಕೆಲಸಕ್ಕೆ ವಿದೇಶಿ ಕೆಲಸಗಾರರನ್ನು ಇಟ್ಟುಕೊಂಡರೆ ಮಾಲೀಕರು ಪ್ರತಿ ತಲೆಗೆ ತಿಂಗಳಿಗೆ ಸುಂಕ ಕಟ್ಟಬೇಕು, ಒಟ್ಟು ನೌಕರರಲ್ಲಿ ಅವರ ಪಾಲಿಗೂ ಮಿತಿ ಇದೆ. ಲಾಟರಿಗಿಂತ ಇದು ಚೊಕ್ಕ. ನಿಜವಾಗಿ ಬೇಕಾದವರು ಮಾತ್ರ ದುಡ್ಡು ಬಿಚ್ಚುತ್ತಾರೆ. ಆದರೆ ಆ ಸುಂಕ ಕೊನೆಗೆ ಕೆಲಸಗಾರರ ಸಂಬಳದಲ್ಲೇ ಕತ್ತರಿಯಾಗಬಹುದು, ಮತ್ತೆ ಅವರು ಅಲ್ಲಿ ನೆಲೆಯೂರುವ ದಾರಿಯೂ ಬಹುಪಾಲು ಮುಚ್ಚಿದೆ.

ನನ್ನ ಲೆಕ್ಕದಲ್ಲಿ ಮಾಲೀಕರ ದಾರಿ ಹಿಡಿಯುವ ದೇಶ ಒಂದೇ ಒಂದು ಷರತ್ತು ಹಾಕಿದರೂ ಅರ್ಧ ದೋಷ ಹೋಗುತ್ತದೆ: ವೀಸಾ ಕಂಪನಿಯ ಹೆಸರಿಗಲ್ಲ, ಕೆಲಸಗಾರರ ಹೆಸರಿಗಿರಲಿ. ಇದಕ್ಕೆ ಖಜಾನೆಯಿಂದ ಹೆಚ್ಚೇನೂ ಬೇಡ. ವಿರೋಧ ಮಾತ್ರ ಜೋರಾಗಿ ಬರುತ್ತದೆ.

‘ಬಂದು ದುಡಿದು ಹೋಗಲಿ’ ಅನ್ನುವ ದಾರಿ

ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯ ಜೊತೆ, 1961ರಲ್ಲಿ ತುರ್ಕಿಯ ಜೊತೆ ಕೆಲಸಗಾರರ ಒಪ್ಪಂದ ಮಾಡಿಕೊಂಡಿತು. ತುರ್ಕಿಯವರಿಗೆ ಎರಡು ವರ್ಷ, ಆಮೇಲೆ ವಾಪಸ್, ಹೊಸಬರು ಬರಲಿ ಅನ್ನುವುದು ಲೆಕ್ಕ. ಇದನ್ನು ಮೊದಲು ಬೇಡ ಅಂದಿದ್ದು ಯಾರು ಗೊತ್ತಾ? ಕಾರ್ಖಾನೆಯವರು. ಕೆಲಸ ಕಲಿಸಿದ ಕೈಗಳನ್ನು ಕಳಿಸಿ ಮತ್ತೆ ಮೊದಲಿನಿಂದ ಕಲಿಸುವುದು ಯಾರಿಗೆ ಬೇಕು? 1964ರಲ್ಲಿ ಎರಡು ವರ್ಷದ ಮಿತಿ ಹೋಯಿತು. 1973ರಲ್ಲಿ ನೇಮಕಾತಿಯನ್ನೇ ನಿಲ್ಲಿಸಿದರು. ಆಗ ಆಗಿದ್ದು ಉಲ್ಟಾ. ಒಮ್ಮೆ ಹೋದರೆ ಮತ್ತೆ ಬರಲಾಗದು ಅಂತ ಗೊತ್ತಾದವರು ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಬಾಗಿಲು ಹಾಕಿದ್ದರಿಂದಲೇ ಜನ ಒಳಗುಳಿದರು.

ದಕ್ಷಿಣ ಕೊರಿಯಾ 2004ರಲ್ಲಿ ಶುರು ಮಾಡಿದ ಪದ್ಧತಿ ಇದಕ್ಕಿಂತ ಯೋಚಿಸಿ ಮಾಡಿದ್ದು. ಸರ್ಕಾರದಿಂದ ಸರ್ಕಾರಕ್ಕೆ ಒಪ್ಪಂದ, ಭಾಷಾ ಪರೀಕ್ಷೆ, ಖಾಸಗಿ ಏಜೆಂಟರಿಗೆ ಜಾಗ ಇಲ್ಲ. ಏಜೆಂಟರ ಕಮಿಷನ್ನಿಗೆ ಸಾಲ ಮಾಡಿ, ಆ ಸಾಲ ತೀರಿಸಲಿಕ್ಕೇ ವೀಸಾ ಮುಗಿದ ಮೇಲೂ ಅಡಗಿ ದುಡಿಯುವುದು ಎಲ್ಲ ಕಡೆ ಕಾಣುವ ಚಕ್ರ. ಅದನ್ನು ಮುರಿಯಲು ಇದು ಒಳ್ಳೆಯ ದಾರಿ. ಆದರೆ ಒಂದು ಸಲಕ್ಕೆ ಇರಬಹುದಾದ ಗರಿಷ್ಠ ಅವಧಿ ನಾಲ್ಕು ವರ್ಷ ಹತ್ತು ತಿಂಗಳು. ಯಾಕೆ ಹತ್ತು ತಿಂಗಳು? ಐದು ವರ್ಷ ತುಂಬಿದರೆ ಪೌರತ್ವ ಕೇಳುವ ಬಾಗಿಲು ತೆರೆದೀತು ಅಂತ. ಲೆಕ್ಕ ಹಾಕಿದವರ ಮನಸ್ಸು ಆ ಎರಡು ತಿಂಗಳಲ್ಲಿ ಪೂರ್ತಿ ಕಾಣುತ್ತದೆ, ಅಲ್ವಾ?

ಹಣ್ಣು ಬಿಡಿಸುವ ಕೆಲಸದಂಥ, ನಿಜವಾಗಿಯೂ ಸೀಸನ್ನಿಗೆ ಸೀಮಿತವಾದ ದುಡಿಮೆಗೆ ಈ ದಾರಿ ಸರಿ. ನ್ಯೂಜಿಲೆಂಡ್ 2007ರಲ್ಲಿ ಪೆಸಿಫಿಕ್ ದ್ವೀಪಗಳವರಿಗೆ 5,000 ಜಾಗ ಇಟ್ಟು ಶುರು ಮಾಡಿತು. ಈ ವರ್ಷ ಬಂದವರನ್ನು ಮುಂದಿನ ವರ್ಷವೂ ಕರೆಯಬಹುದು. ಮತ್ತೆ ಬರಬಹುದು ಅನ್ನುವ ನಂಬಿಕೆ ಇದ್ದಾಗ ಜನ ಊರಿಗೆ ಹೋಗುತ್ತಾರೆ. ವರ್ಷಪೂರ್ತಿ ಇರುವ ಕೆಲಸಕ್ಕೆ ‘ತಾತ್ಕಾಲಿಕ’ ಅಂತ ಹೆಸರಿಟ್ಟರೆ ಜರ್ಮನಿಯ ಕಥೆಯೇ.

ಹೊರಗಿನವರು ಬಂದರೆ ಸ್ಥಳೀಯರ ಸಂಬಳ ಇಳಿಯುತ್ತದಾ ಅನ್ನುವ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. 1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ಕೆಲವೇ ತಿಂಗಳಲ್ಲಿ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ತುಂಬಾ ಜನ ಮಯಾಮಿಯಲ್ಲೇ ಉಳಿದರು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಲೆಕ್ಕ ಹಾಕಿ, ಅಲ್ಲಿನವರ ಸಂಬಳಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ ಅಂದರು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಅದೇ ಅಂಕಿಗಳನ್ನು ಮತ್ತೆ ಬಗೆದು, ಹೈಸ್ಕೂಲು ಮುಗಿಸದ ಗಂಡಸರಿಗೆ ದೊಡ್ಡ ಪೆಟ್ಟೇ ಬಿತ್ತು ಅಂದರು. ವಾದ ಇನ್ನೂ ಮುಗಿದಿಲ್ಲ. ಸರಾಸರಿ ಲಾಭ ಆದರೂ ಒಂದು ಸಣ್ಣ ಗುಂಪಿಗೆ ನೋವಾಗಬಹುದು ಅಂತ ಇಟ್ಟುಕೊಂಡು ನೀತಿ ಬರೆಯುವುದು ಜಾಣತನ.

ಕುಟುಂಬದ ವೀಸಾ ಬಗ್ಗೆ ಒಂದೇ ಮಾತು. ಬ್ರಿಟನ್ 2024ರಲ್ಲಿ ಸಂಗಾತಿಯನ್ನು ಕರೆಸಲು ಬೇಕಾದ ಆದಾಯವನ್ನು ವರ್ಷಕ್ಕೆ 29,000 ಪೌಂಡ್‌ಗೆ ಏರಿಸಿತು. ಹೀಗೆ ಮಿತಿ ಹಾಕಿದರೆ ಸಂಖ್ಯೆ ಇಳಿಯುತ್ತದೆ. ಪೆಟ್ಟು ತಿನ್ನುವವರಲ್ಲಿ ಅದೇ ದೇಶದ ಕಡಿಮೆ ಸಂಬಳದ ಪ್ರಜೆಗಳೂ ಇರುತ್ತಾರೆ.

ಆಶ್ರಯ ಕೇಳುವವರು: ಬೇಗ ತೀರ್ಮಾನಿಸುವ ದಾರಿ

ಒಂದು ಕೋಣೆ ಕಲ್ಪಿಸಿಕೊಳ್ಳಿ. ಮೇಜಿನ ಈಚೆ ಅಧಿಕಾರಿ, ಆಚೆ ಅರ್ಜಿದಾರಳು, ಪಕ್ಕದಲ್ಲಿ ದುಭಾಷಿ. ‘ನಿಮ್ಮ ಗಂಡನನ್ನು ಹಿಡಿದುಕೊಂಡು ಹೋಗಿದ್ದು ಯಾವಾಗ?’ ‘ಮಳೆ ಶುರುವಾದ ವಾರ.’ ಅಧಿಕಾರಿಗೆ ತಾರೀಖು ಬೇಕು. ಆಕೆ ಏಪ್ರಿಲ್ ಅನ್ನುತ್ತಾಳೆ. ಗಡಿಯಲ್ಲಿ ಮೊದಲ ದಿನ ಬರೆದುಕೊಂಡ ಹೇಳಿಕೆಯಲ್ಲಿ ಮಾರ್ಚ್ ಅಂತಿದೆ. ಸುಳ್ಳೋ, ಮರೆವೋ, ದುಭಾಷಿಯ ತಪ್ಪೋ? ಸಾಕ್ಷಿ ಇಲ್ಲ, ಕಾಗದ ಇಲ್ಲ, ಫೋನು ದಾರಿಯಲ್ಲೇ ಕಳೆದಿದೆ. ಆಕೆಯ ಮಾತೇ ಎಲ್ಲ. ಇದನ್ನು ಎರಡು ತಿಂಗಳೊಳಗೆ ಕೇಳಿದರೆ ನೆನಪು ಹಸಿಯಾಗಿರುತ್ತದೆ. ನಾಲ್ಕು ವರ್ಷ ಬಿಟ್ಟು ಕೇಳಿದರೆ ಪ್ರಾಮಾಣಿಕರೂ ತಡವರಿಸುತ್ತಾರೆ, ಕಥೆ ಬಾಯಿಪಾಠ ಮಾಡಿದವರು ಮಾತ್ರ ತಡವರಿಸುವುದಿಲ್ಲ.

ಸ್ವಿಟ್ಜರ್ಲೆಂಡ್ ಈ ಗಂಟನ್ನು ಬಿಚ್ಚಲು ಹೊರಟಿತು. ಮೊದಲು ಜ್ಯೂರಿಕ್‌ನಲ್ಲಿ ಪ್ರಯೋಗ. 2016ರ ಜೂನ್‌ನಲ್ಲಿ ಜನಮತಗಣನೆ, ಸುಮಾರು ಮೂರರಲ್ಲಿ ಎರಡು ಪಾಲು ಮತ ಪರವಾಗಿ ಬಂತು. 2019ರ ಮಾರ್ಚ್ 1ರಿಂದ ಜಾರಿ. ಸರಳ ಪ್ರಕರಣಗಳು ಮೇಲ್ಮನವಿ ಸೇರಿ 140 ದಿನದೊಳಗೆ ಮುಗಿಯಬೇಕು ಅನ್ನುವುದು ಗುರಿ. ಅಧಿಕಾರಿ, ದುಭಾಷಿ, ವಕೀಲ ಎಲ್ಲ ಒಂದೇ ಸೂರಿನಡಿ. ಪ್ರತಿ ಅರ್ಜಿದಾರರಿಗೂ ಸರ್ಕಾರದ ಖರ್ಚಿನಲ್ಲೇ ವಕೀಲರು.

ಕೊನೆಯ ಅಂಶಕ್ಕೆ ಅಲ್ಲಿ ತುಂಬಾ ವಿರೋಧ ಇತ್ತು. ‘ಪುಕ್ಕಟೆ ವಕೀಲರು’ ಅಂತ ಹಂಗಿಸಿದರು. ಆದರೆ ಮೊದಲ ದಿನದಿಂದ ವಕೀಲರಿದ್ದರೆ ಅರ್ಜಿ ಸರಿಯಾಗಿ ಬರುತ್ತದೆ, ತೀರ್ಮಾನ ಗಟ್ಟಿಯಾಗಿರುತ್ತದೆ, ಕೋರ್ಟು ಅದನ್ನು ವಾಪಸ್ ಕಳಿಸುವುದು ಕಡಿಮೆ. ಆಮೇಲೆ ಕಟ್ಟಬೇಕಾದ ಬಾಡಿಗೆ, ಊಟದ ಖರ್ಚಿನ ಮುಂದೆ ವಕೀಲರ ಫೀಸು ಚಿಲ್ಲರೆ. ಅವಸರ ಜಾಸ್ತಿ ಆದರೆ ತಪ್ಪು ತೀರ್ಮಾನ ಆಗುವ ಅಪಾಯ ಇದ್ದೇ ಇದೆ. ಚಿತ್ರಹಿಂಸೆ ಅನುಭವಿಸಿದವರು ಮೊದಲ ವಾರದಲ್ಲೇ ಬಾಯಿ ಬಿಡುವುದಿಲ್ಲ. ಅಂಥವರನ್ನು ಗುರುತಿಸಿ ನಿಧಾನದ ಸಾಲಿಗೆ ಹಾಕುವ ಏರ್ಪಾಡು ಇರಲೇಬೇಕು.

ಹೊರಗೆ ಕಳಿಸುವ ದಾರಿ

ಆಸ್ಟ್ರೇಲಿಯಾ 2001ರಲ್ಲಿ ನೌರು ಮತ್ತು ಪಪುವಾ ನ್ಯೂಗಿನಿಯ ಮಾನಸ್ ದ್ವೀಪಕ್ಕೆ ಜನರನ್ನು ಕಳಿಸಲು ಶುರು ಮಾಡಿತು. 2008ರಲ್ಲಿ ನಿಲ್ಲಿಸಿ, 2012ರಲ್ಲಿ ಮತ್ತೆ ಶುರು ಮಾಡಿತು. 2013ರಿಂದ ದೋಣಿಗಳನ್ನು ಸಮುದ್ರದಲ್ಲೇ ಹಿಂದಕ್ಕೆ ತಿರುಗಿಸಿತು. ದೋಣಿಗಳು ಹೆಚ್ಚುಕಡಿಮೆ ನಿಂತವು. ಇದನ್ನು ಒಪ್ಪಿಕೊಳ್ಳದೆ ವಾದ ಮಾಡಿದರೆ ಪ್ರಾಮಾಣಿಕತೆ ಅಲ್ಲ. ಆದರೆ ನಿಲ್ಲಿಸಿದ್ದು ದ್ವೀಪವೋ, ಹಿಂದಕ್ಕೆ ತಿರುಗಿಸಿದ ನೌಕಾಪಡೆಯೋ? ಮತ್ತೆ ಶುರುವಾದ ಮೊದಲ ವರ್ಷ ದ್ವೀಪ ಇದ್ದರೂ ದೋಣಿ ಬರುತ್ತಲೇ ಇದ್ದವು. ಖರ್ಚು 2012ರಿಂದೀಚೆಗೆ ಸಾವಿರ ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿದೆ. 2016ರಲ್ಲಿ ಪಪುವಾ ನ್ಯೂಗಿನಿಯ ಸುಪ್ರೀಂ ಕೋರ್ಟೇ ಮಾನಸ್‌ನಲ್ಲಿ ಜನರನ್ನು ಕೂಡಿಹಾಕಿದ್ದು ಕಾನೂನುಬಾಹಿರ ಅಂದಿತು.

ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ಕಳಿಸುವ ಬ್ರಿಟನ್ನಿನ ಯೋಜನೆ ಇನ್ನೂ ದುಬಾರಿ ಪಾಠ. 2022ರ ಏಪ್ರಿಲ್‌ನಲ್ಲಿ ಘೋಷಣೆ, 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ, 2024ರ ಜುಲೈನಲ್ಲಿ ಹೊಸ ಸರ್ಕಾರ ಬಂದು ರದ್ದು. 70 ಕೋಟಿ ಪೌಂಡ್ ಖರ್ಚಾಗಿದೆ ಅಂತ ಹೊಸ ಗೃಹಸಚಿವೆ ಸಂಸತ್ತಿನಲ್ಲಿ ಹೇಳಿದರು. ಹೋದವರು ನಾಲ್ಕು ಜನ, ಅವರೂ ತಾವಾಗಿ ಒಪ್ಪಿ ಹೋದವರು. ಇಟಲಿ 2023ರಲ್ಲಿ ಅಲ್ಬೇನಿಯಾ ಜೊತೆ ಒಪ್ಪಂದ ಮಾಡಿಕೊಂಡು ಕೇಂದ್ರ ಕಟ್ಟಿತು, ಅದೂ ಕೋರ್ಟಿನ ಕಟಕಟೆ ಹತ್ತಿತು.

ಸುತ್ತ ಸಮುದ್ರ ಇರುವ, ದುಡ್ಡಿರುವ, ಬಡ ನೆರೆಹೊರೆ ಒಪ್ಪುವ ದೇಶಕ್ಕೆ ಮಾತ್ರ ಇದು ಸಾಧ್ಯವಾದ ಆಯ್ಕೆ. ಅಲ್ಲೂ ಖರ್ಚು, ಕೋರ್ಟು ಎರಡರಲ್ಲೂ ನನ್ನ ಪಟ್ಟಿಯಲ್ಲಿ ಕೊನೆಯ ಸ್ಥಾನ.

ಗುಂಪಾಗಿ ಬಂದಾಗ

ಒಂದೇ ತಿಂಗಳಲ್ಲಿ ಹತ್ತು ಲಕ್ಷ ಜನ ಗಡಿ ದಾಟಿದರೆ ಒಬ್ಬೊಬ್ಬರನ್ನೇ ಕೂರಿಸಿ ತಾರೀಖು ಕೇಳಲು ಆಗುವುದಿಲ್ಲ. ಯುರೋಪಿಯನ್ ಒಕ್ಕೂಟ 2001ರಲ್ಲೇ ತಾತ್ಕಾಲಿಕ ರಕ್ಷಣೆಯ ನಿಯಮ ಬರೆದಿಟ್ಟಿತ್ತು. ಇಪ್ಪತ್ತು ವರ್ಷ ಅದು ಕಪಾಟಿನಲ್ಲೇ ಇತ್ತು. 2015ರಲ್ಲಿ ಸಿರಿಯಾದವರು ಬಂದಾಗಲೂ ತೆಗೆಯಲಿಲ್ಲ. 2022ರ ಫೆಬ್ರವರಿ 24ಕ್ಕೆ ಉಕ್ರೇನ್ ಮೇಲೆ ದಾಳಿ ಆಯಿತು, ಮಾರ್ಚ್ 4ಕ್ಕೆ ನಿಯಮ ಜಾರಿಯಾಯಿತು. 40 ಲಕ್ಷಕ್ಕೂ ಜಾಸ್ತಿ ಜನರಿಗೆ ಇರುವ ಹಕ್ಕು, ದುಡಿಯುವ ಹಕ್ಕು, ಮಕ್ಕಳಿಗೆ ಶಾಲೆ. ಮನಸ್ಸಿದ್ದರೆ ಎಂಟು ದಿನ ಸಾಕು ಅಂತ ಆಗ ಗೊತ್ತಾಯಿತು. ಯಾರಿಗೆ ಮನಸ್ಸು, ಯಾರಿಗೆ ಇಲ್ಲ ಅನ್ನುವುದೂ ಗೊತ್ತಾಯಿತು.

ಕೊಲಂಬಿಯಾ 2021ರಲ್ಲಿ ಇನ್ನೂ ದೂರ ಹೋಯಿತು. ಅಲ್ಲಿ ಆಗ ವೆನೆಜುವೆಲಾದವರು ಸುಮಾರು 17 ಲಕ್ಷ, ಅರ್ಧಕ್ಕಿಂತ ಜಾಸ್ತಿ ಮಂದಿಗೆ ಕಾಗದ ಇರಲಿಲ್ಲ. ಸರ್ಕಾರ ಹತ್ತು ವರ್ಷದ ಪರವಾನಗಿ ಕೊಡಲು ಹೊರಟಿತು. ಹೆಸರು, ಬೆರಳಚ್ಚು ದಾಖಲಾಯಿತು, ಜನ ಬೆಳಕಿಗೆ ಬಂದರು. ಶ್ರೀಮಂತ ದೇಶವೇನೂ ಅಲ್ಲ. ಕಾಗದ ಕೊಡುವ ಖರ್ಚು ಶಿಬಿರ ನಡೆಸುವ ಖರ್ಚಿಗಿಂತ ಕಡಿಮೆ ಅನ್ನುವ ಲೆಕ್ಕ. ‘ತಾತ್ಕಾಲಿಕ’ ಅನ್ನುವುದು ಮುಗಿದ ಮೇಲೆ ಏನು ಅಂತ ಮಾತ್ರ ಎರಡೂ ಕಡೆ ಪೂರ್ತಿ ಬಗೆಹರಿದಿಲ್ಲ.

ಶಿಬಿರದ ಬಗ್ಗೆಯೂ ಹೇಳಬೇಕು. ಕೆನ್ಯಾದ ದಾದಾಬ್ 1991ರಲ್ಲಿ ತಾತ್ಕಾಲಿಕ ಅಂತಲೇ ಶುರುವಾಯಿತು. ಅಲ್ಲಿ ಹುಟ್ಟಿದವರಿಗೆ ಈಗ ಮಕ್ಕಳಾಗಿವೆ. ಪಕ್ಕದ ಉಗಾಂಡಾ 2006ರ ಕಾನೂನಿನಲ್ಲಿ ಓಡಾಡುವ, ದುಡಿಯುವ ಹಕ್ಕು ಕೊಟ್ಟು, ವಸತಿ ಪ್ರದೇಶಗಳಲ್ಲಿ ತುಂಡು ಭೂಮಿಯನ್ನೂ ಕೊಟ್ಟಿತು. ಕೇಳಲು ಚಂದ. ಆದರೆ ಜನ ಜಾಸ್ತಿಯಾದ ಹಾಗೆ ತುಂಡು ಚಿಕ್ಕದಾಯಿತು. ಹಲವು ಕಡೆ 30 ಮೀಟರ್ ಉದ್ದ, 30 ಮೀಟರ್ ಅಗಲ, ಅದರಲ್ಲೇ ಗುಡಿಸಲು. ಮಿಕ್ಕ ಜಾಗದಲ್ಲಿ ಬೆಳೆದ ಕಾಳು ಒಂದು ಕುಟುಂಬಕ್ಕೆ ವರ್ಷಪೂರ್ತಿ ಸಾಲದು. ದಾನಿ ದೇಶಗಳು ರೇಷನ್ ಕಡಿತ ಮಾಡಿದಾಗ ಹಸಿವು ಬಂತು. ಉದಾರ ಕಾನೂನು ಉಗಾಂಡಾದ್ದು, ಹಣ ಬೇರೆಯವರದು. ಪಕ್ಕದ ಮನೆಗೆ ಬೆಂಕಿ ಬಿದ್ದಿರುವ ಬಡ ದೇಶ ಉಗಾಂಡಾದ ದಾರಿ ಹಿಡಿಯಲಿ, ಆದರೆ ಹಲವು ವರ್ಷದ ಹಣದ ಮಾತು ಮೊದಲೇ ಬರೆಸಿಕೊಳ್ಳಲಿ.

ಐದು ಜನ ಸೇರಿದರೆ

ಕೆನಡಾದಲ್ಲಿ 1970ರ ದಶಕದ ಕೊನೆಯಿಂದ ಖಾಸಗಿ ಪ್ರಾಯೋಜನೆ ಇದೆ. ಐದು ಜನ ಸೇರಿ ಒಂದು ನಿರಾಶ್ರಿತ ಕುಟುಂಬವನ್ನು ಕರೆಸಿ ಒಂದು ವರ್ಷ ನೋಡಿಕೊಳ್ಳುವುದು ಇದರ ಒಂದು ಬಗೆ (2024ರ ನವೆಂಬರ್‌ನಲ್ಲಿ ಇಂಥ ಗುಂಪುಗಳ ಹೊಸ ಅರ್ಜಿಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು). ಬಾಡಿಗೆ ಮನೆ ಹುಡುಕುವುದು, ಚಳಿಗಾಲದ ಕೋಟು ತರುವುದು, ಮಗುವನ್ನು ಶಾಲೆಗೆ ಸೇರಿಸುವುದು, ಬ್ಯಾಂಕ್ ಖಾತೆ ತೆರೆಸುವುದು, ಮೊದಲ ಸಲ ಬಸ್ ಹತ್ತಿಸಿ ಜೊತೆಗೆ ಹೋಗುವುದು. ಈವರೆಗೆ ಮೂರು ಲಕ್ಷಕ್ಕೂ ಜಾಸ್ತಿ ಜನ ಹೀಗೆ ಬಂದಿದ್ದಾರೆ. ಸರ್ಕಾರದ ಖರ್ಚು ಇಳಿಯುತ್ತದೆ, ಬಂದವರಿಗೆ ಐದು ಪರಿಚಯದ ಮುಖ ಇರುತ್ತದೆ. ಆದರೆ ಇದು ದೂರದಿಂದ ಆರಿಸಿ ಕರೆಸುವ ದಾರಿ. ಗಡಿಗೆ ಬಂದು ನಿಂತವರಿಗೆ ಇದು ಉತ್ತರ ಅಲ್ಲ. ಸರ್ಕಾರದ ಪಾಲನ್ನು ಕಡಿಮೆ ಮಾಡಿ ‘ಜನ ನೋಡಿಕೊಳ್ಳುತ್ತಾರೆ’ ಅಂತ ಕೈತೊಳೆದುಕೊಳ್ಳಲೂ ಇದು ನೆಪ ಆಗಬಹುದು.

ಕೆಲಸ ಯಾವಾಗಿನಿಂದ?

ಇದನ್ನು ಬಿಟ್ಟು ಯಾವ ಹೋಲಿಕೆಯೂ ಪೂರ್ತಿಯಲ್ಲ. ಬ್ರಿಟನ್ನಿನಲ್ಲಿ ಆಶ್ರಯ ಕೇಳಿದವರು 12 ತಿಂಗಳಾದರೂ ತೀರ್ಮಾನ ಬರದಿದ್ದರೆ ಮಾತ್ರ, ಅದೂ ಪಟ್ಟಿಯಲ್ಲಿರುವ ಕೆಲಸಕ್ಕೆ ಮಾತ್ರ, ಅನುಮತಿ ಕೇಳಬಹುದು. ಯುರೋಪಿಯನ್ ಒಕ್ಕೂಟ 2024ರ ಸುಧಾರಣೆಯಲ್ಲಿ ಒಂಬತ್ತು ತಿಂಗಳ ಮಿತಿಯನ್ನು ಆರಕ್ಕೆ ಇಳಿಸಿತು. ಬೇಗ ಬಿಟ್ಟರೆ ಇನ್ನಷ್ಟು ಜನ ಬರುತ್ತಾರೆ ಅನ್ನುವುದು ತಡೆಯುವವರ ವಾದ. ಆದರೆ ತಿಂಗಳುಗಟ್ಟಲೆ ಹೊಟೆಲ್ ರೂಮಿನಲ್ಲಿ ಕೂರಿಸಿ ಊಟ ಹಾಕಿ, ಆಮೇಲೆ ‘ಇವರು ದುಡಿಯುವುದಿಲ್ಲ’ ಅನ್ನುವುದು ಯಾವ ನ್ಯಾಯ?

2015ರಲ್ಲಿ ಸುಮಾರು 8.9 ಲಕ್ಷ ಜನರನ್ನು ಕಂಡ ಜರ್ಮನಿ ಅವರನ್ನು ರಾಜ್ಯಗಳಿಗೆ ಹಂಚಿದ್ದು ಒಂದು ಹಳೆಯ ಸೂತ್ರದಿಂದ. ಮೂರರಲ್ಲಿ ಎರಡು ಪಾಲು ತೆರಿಗೆ ಆದಾಯ ನೋಡಿ, ಒಂದು ಪಾಲು ಜನಸಂಖ್ಯೆ ನೋಡಿ. 600 ಗಂಟೆ ಭಾಷೆ, 100 ಗಂಟೆ ದೇಶದ ಪರಿಚಯ ಅನ್ನುವ ಕೋರ್ಸೂ ಇದೆ. ಆ ವರ್ಷ ಬಂದವರಲ್ಲಿ ಏಳು ವರ್ಷದ ನಂತರ ಶೇ 64ರಷ್ಟು ಜನ ಕೆಲಸದಲ್ಲಿದ್ದರು ಅಂತ ಅಲ್ಲಿನ ಉದ್ಯೋಗ ಸಂಶೋಧನಾ ಸಂಸ್ಥೆ ಹೇಳುತ್ತದೆ. ಏಳು ವರ್ಷ ಅನ್ನುವುದನ್ನು ಮರೆಯಬೇಡಿ. ಮೊದಲ ಎರಡು ವರ್ಷದ ಅಂಕಿ ಹಿಡಿದು ಸೋತಿತು ಅಂದವರೂ ತಪ್ಪು, ಎಲ್ಲ ಸುಸೂತ್ರ ಅಂದವರೂ ತಪ್ಪು. ಹಂಚುವ ಸೂತ್ರ ಮೊದಲೇ ಇದ್ದದ್ದು ದೊಡ್ಡ ಆಸರೆ. ಲಾಭ ಕೇಂದ್ರದ ಖಜಾನೆಗೆ, ತರಗತಿಯಲ್ಲಿ ಬೆಂಚು ಸಾಲದ ಕಷ್ಟ ಸ್ಥಳೀಯ ಶಾಲೆಗೆ ಅನ್ನುವ ಹಾಗಾದರೆ ಯಾವ ನೀತಿಯೂ ಚುನಾವಣೆ ದಾಟುವುದಿಲ್ಲ.

ಈಗಾಗಲೇ ಒಳಗಿರುವವರು

ಅಮೆರಿಕ 1986ರಲ್ಲಿ ಸುಮಾರು 27 ಲಕ್ಷ ಜನರಿಗೆ ಕಾಗದ ಕೊಟ್ಟಿತು. ಜೊತೆಗೆ, ಕಾಗದ ಇಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕರಿಗೆ ದಂಡ ಅಂತಲೂ ಬರೆಯಿತು. ಕಾಗದ ಸಿಕ್ಕಿತು, ದಂಡದ ಭಾಗ ಸಡಿಲವಾಗಿಯೇ ಉಳಿಯಿತು. ಮುಂದೆ ಬರುವ ಕೆಲಸಗಾರರಿಗೆ ನೇರ ದಾರಿಯನ್ನೂ ಸಾಕಷ್ಟು ಅಗಲ ಮಾಡಲಿಲ್ಲ. ಸಂಖ್ಯೆ ಮತ್ತೆ ಏರಿತು. ಎಲ್ಲರನ್ನೂ ಹೊರಗಟ್ಟುವುದಕ್ಕೆ ಪೊಲೀಸು, ಕೋರ್ಟು, ವಿಮಾನ ಎಲ್ಲ ಬೇಕು, ಮೇಲಾಗಿ ಅವರ ಹುಟ್ಟಿದ ದೇಶ ವಾಪಸ್ ತೆಗೆದುಕೊಳ್ಳಲು ಒಪ್ಪಬೇಕು. ಹಾಗಾಗಿ ಕಾಗದ ಕೊಡುವುದಾದರೆ ಒಂದೇ ಸಲದ ಜಾತ್ರೆ ಮಾಡುವುದಕ್ಕಿಂತ, ಇಷ್ಟು ವರ್ಷ ಇದ್ದು ದುಡಿದವರು ಅರ್ಜಿ ಹಾಕಬಹುದು ಅನ್ನುವ ಕಾಯಂ ನಿಯಮ ನನಗೆ ಮೇಲು ಅನಿಸುತ್ತದೆ.

ಹಾಗಾದರೆ ಯಾವುದು?

ಹಣ ಇರುವ, ವಯಸ್ಸಾಗುತ್ತಿರುವ, ಯುದ್ಧದಿಂದ ದೂರ ಇರುವ ದೇಶ: ಕೆಲಸಕ್ಕೆ ಪಾಯಿಂಟ್ಸ್ ಮತ್ತು ಮಾಲೀಕರ ವೀಸಾ ಎರಡೂ ಸ್ವಲ್ಪ ಸ್ವಲ್ಪ, ಆಶ್ರಯಕ್ಕೆ ಸ್ವಿಸ್ ಗಡುವು, ಮೇಲೆ ಐದು ಜನರ ಪ್ರಾಯೋಜನೆ.

ಯುದ್ಧದ ಪಕ್ಕದಲ್ಲಿರುವ, ಕೈ ಬಿಗಿ ಇರುವ ದೇಶ: ಒಬ್ಬೊಬ್ಬರ ಸಂದರ್ಶನದ ಆಸೆ ಬಿಟ್ಟು ಕೊಲಂಬಿಯಾ ಥರ ಗುಂಪಿಗೆ ಪರವಾನಗಿ, ದುಡಿಯುವ ಹಕ್ಕು. ಶಿಬಿರ ಕಟ್ಟುವ ಮುಂಚೆ ದಾದಾಬ್ ನೆನಪಿರಲಿ.

ಬೆಳೆ ಸೀಸನ್ನಿಗೆ ಮಾತ್ರ ಕೈ ಬೇಕಾದ ದೇಶ: ನ್ಯೂಜಿಲೆಂಡಿನ ಹಾಗೆ ಮತ್ತೆ ಬರುವ ಭರವಸೆ, ಕೊರಿಯಾದ ಹಾಗೆ ಏಜೆಂಟರಿಗೆ ಕಡಿವಾಣ.

ಈಗಾಗಲೇ ಲಕ್ಷಗಟ್ಟಲೆ ಫೈಲು ಬಿದ್ದಿರುವ ದೇಶ ಯಾವ ಹೊಸ ಮಾದರಿಯನ್ನೂ ತರುವ ಮುಂಚೆ ಎರಡು ವರ್ಷ ಅಧಿಕಾರಿ, ದುಭಾಷಿ, ಮೇಲ್ಮನವಿ ನ್ಯಾಯಾಧೀಶರನ್ನು ತುಂಬಿಕೊಳ್ಳಲಿ. ಹಳೆ ಫೈಲುಗಳನ್ನೂ ಹೊಸದನ್ನೂ ಬೇರೆ ಬೇರೆ ತಂಡಕ್ಕೆ ಕೊಡಲಿ. ಇಲ್ಲದಿದ್ದರೆ ನಿನ್ನೆ ಬಂದವರ ಅರ್ಜಿಯೂ ಹಳೆಯ ರಾಶಿಯ ಕೆಳಗೆ ಸೇರುತ್ತದೆ.

ಮುಂದಿನ ಸಲ ಯಾವುದಾದರೂ ಪಕ್ಷ ವಲಸೆ ಸುಧಾರಣೆಯ ಕರಡು ತಂದಾಗ ಗಡಿ, ಗೋಡೆ, ಮಾನವೀಯತೆಯ ಪುಟಗಳನ್ನು ಹಾಗೇ ತಿರುವಿ ಬಜೆಟ್ ಕೋಷ್ಟಕಕ್ಕೆ ಹೋಗಿ. ಎಷ್ಟು ಅಧಿಕಾರಿಗಳು, ಎಷ್ಟು ದುಭಾಷಿಗಳು, ಒಂದು ಅರ್ಜಿಗೆ ಎಷ್ಟು ದಿನ ಅಂತ ಹುಡುಕಿ. ಆ ಮೂರು ಅಂಕಿ ಇದ್ದರೆ ಹಿಂದಿನ ಪುಟಗಳಿಗೆ ವಾಪಸ್ ಬಂದು ಓದಿ.